ಮರಳು ಅಂಟಿಸಿದ ಬೀದಿ

ನಮ್ಮ ದೊಡ್ಡಪ್ಪ ಯಾರ ಮನೆಗೆ ಹೋದರೂ ಮನುಷ್ಯರಿಗಿಂತ ಮೊದಲು ಗೋಡೆಯನ್ನು ಮಾತನಾಡಿಸುತ್ತಿದ್ದರು. ಹೊಸ್ತಿಲು ದಾಟಿದೊಡನೆ ಅಂಗೈಯನ್ನು ಗೋಡೆಗೆ ಆನಿಸಿ, ಮಗುವಿನ ಬೆನ್ನು ಸವರುವಂತೆ ಮೇಲಿಂದ ಕೆಳಕ್ಕೆ ಸವರಿ, ಕೆಲಸ ಚೆನ್ನಾಗಿದ್ದರೆ "ಹೂಂ" ಎಂದು, ಇಲ್ಲದಿದ್ದರೆ ಏನೂ ಅನ್ನದೆ, ಆಮೇಲಷ್ಟೇ "ಎಲ್ಲರೂ ಚೆನ್ನಾಗಿದೀರಾ?" ಎಂದು ಕೇಳುತ್ತಿದ್ದರು. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಜೀವ. ಎತ್ತರದ ಹಲಗೆಗಳ ಮೇಲೆ ನಡೆದು ನಡೆದು, ಸಮನೆಲದಲ್ಲೂ ಒಂದು ಕಾಲನ್ನು ಊರಿ ನಂಬಿಕೆ ಬಂದ ಮೇಲೆಯೇ ಇನ್ನೊಂದನ್ನು ಎತ್ತುವ ನಡಿಗೆ, ಸುಣ್ಣದ ಕಲೆಗಳಲ್ಲಿ ಮೂಲವರ್ಣವೇ ಮರೆತುಹೋದ ಕೋಟು, ಮನೆಯಲ್ಲಿ ಜಗಳವಾಗಲಿ, ಮದುವೆಯ ಮಾತಾಗಲಿ, ಎಲ್ಲಕ್ಕೂ ಒಂದೇ ಉತ್ತರ: "ಒಣಗಲಿ, ಆಮೇಲೆ ನೋಡೋಣ."

ದೊಡ್ಡಮ್ಮನದು ಹೊಲಿಗೆ ಅಂಗಡಿ. ಅವರ ನಾಲಿಗೆಗೆ ಒಣಗುವಷ್ಟು ತಾಳ್ಮೆ ಇರಲಿಲ್ಲ. ಒಂದು ಬೆಳಿಗ್ಗೆ ಅವರ ಕೈಯಿಂದ ಕತ್ತರಿ ಜಾರಿತು. ಹಿಂದೆಯೇ ಅವರೂ ಕುಸಿದರು. ಪಾರ್ಶ್ವವಾಯು. ತಿಂಗಳೊಳಗೆ ಮಾತು ಮರಳಿತು, ಮಾತಿನ ಮೊನೆಯೂ ಮರಳಿತು. ಬಲಗೈ ತುಸು ಆಡಿದರೂ ಸ್ಪರ್ಶ ಮಾತ್ರ ಮರಳಲಿಲ್ಲ. "ಯಾರದೋ ಕೈ ತಂದು ನಂಗೆ ಹೊಲಿದುಬಿಟ್ಟಿದಾರೆ" ಎನ್ನುತ್ತಿದ್ದರು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ನರ್ಸಮ್ಮ, ಒರಟು, ನುಣುಪು ಎರಡನ್ನೂ ದಿನಾ ಮುಟ್ಟಿಸಿ ಎಂದು ಉಜ್ಜುಕಾಗದದ ಚೂರನ್ನೂ ಹತ್ತಿಯನ್ನೂ ಕೊಟ್ಟು ಹೋದರು. ದೊಡ್ಡಮ್ಮ ಎರಡನ್ನೂ ಎಸೆದರು. "ನಾನೇನು ಪಾತ್ರೆನಾ, ಉಜ್ಜೋಕೆ?"

ಮಾರನೆಯ ದಿನ ದೊಡ್ಡಪ್ಪ ಹಲಗೆಯೊಂದನ್ನು ಮಂಚದ ಪಕ್ಕಕ್ಕೆ ತಂದಿಟ್ಟುಕೊಂಡು, ಹಳೆಯ ವಾರಪತ್ರಿಕೆಗಳ ಬಣ್ಣದ ಹಾಳೆಗಳನ್ನು ಕತ್ತರಿಸಿ, ದೊಡ್ಡಮ್ಮ ಮೂವತ್ತು ವರ್ಷ ಅಂಗಡಿಗೆ ನಡೆದ ಬೀದಿಯನ್ನು ಅಂಟಿಸತೊಡಗಿದರು. ಕಾಗದ ಚಪ್ಪಟೆ, ಬೆರಳು ಜಾರಿಹೋಗುತ್ತಿತ್ತು. ಹಾಗಾಗಿ ಮೂರು ಸಲ ಜರಡಿ ಹಿಡಿದ ಮರಳನ್ನು ಹಸಿ ಅಂಟಿನ ಮೇಲೆ ಉದುರಿಸಿ ಗೋಡೆಗಳನ್ನೆಬ್ಬಿಸಿದರು. ತೆಳುಕಾಗದವನ್ನು ಮುದುರಿ ಮೋಡ ಮಾಡಿದರು. ಬಡಗಿಯ ಮರದ ಹೊಟ್ಟಿನಿಂದ ಮನೆಗಳ ಸೂರು, ಏಣುಗಳಿರುವ ರಟ್ಟಿನಿಂದ ಅಂಗಡಿಯ ಕದ, ಹರಿದ ಕಂಬಳಿಯಿಂದ ಮೂಲೆಮನೆಯ ನಾಯಿ. ಕೊನೆಗೆ, ದೊಡ್ಡಮ್ಮನದೇ ಚಿಂದಿಗಳನ್ನು ಕೈಯಾರೆ ಹೊಲಿದು ಬಾಗಿಲಿಗೊಂದು ಪರದೆ. ಅವಸರದಲ್ಲಿ ಹಲಗೆ ಎತ್ತಿದಾಗ ಅರ್ಧ ಬೀದಿ ಹಾಸಿಗೆಯ ಮೇಲೆ ಸುರಿಯಿತು.

"ಚಿತ್ರ ತಂದ್ರೋ, ರಸ್ತೆನೇ ತಂದ್ರೋ?" ಎಂದ ದೊಡ್ಡಮ್ಮ, ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ, "ಗೊತ್ತು, ಒಣಗಲಿ" ಎಂದರು. ಕಾಯಿಲೆ ಬಿದ್ದ ಮೇಲೆ ದೊಡ್ಡಮ್ಮ ನಕ್ಕಿದ್ದು ಅಂದೇ ಮೊದಲು.

ಅಲ್ಲಿಂದ ಪ್ರತಿ ಮಧ್ಯಾಹ್ನ ದೊಡ್ಡಮ್ಮ ಕಣ್ಣು ಮುಚ್ಚಬೇಕು, ದೊಡ್ಡಪ್ಪ ಅವರ ಬಲಗೈ ಹಿಡಿದು ಬೀದಿಯುದ್ದಕ್ಕೂ ನಡೆಸಬೇಕು. "ಇಲ್ಲಿ?" "ಇಲ್ಲ." "ಇಲ್ಲಿ?" "ಇಲ್ಲ ಅಂದ್ನಲ್ಲ." ಏಳು ತಿಂಗಳು ಇದೇ ಸಂವಾದ. ಪ್ರತಿ "ಇಲ್ಲ"ಕ್ಕೂ ಅವರು ಇನ್ನೊಂದು ಪದರ ಸೇರಿಸುತ್ತಿದ್ದರು. ಮೊಟ್ಟೆಯ ಚಿಪ್ಪು, ಸೆಣಬಿನ ಹುರಿ, ಒಡೆದ ಗುಂಡಿಗಳು. ಬೀದಿ ದಪ್ಪವಾಗುತ್ತ ಹೋಯಿತು, ದೊಡ್ಡಪ್ಪ ಸೊರಗುತ್ತ ಹೋದರು.

ನಾನು ಅಲ್ಲಿದ್ದ ಒಂದು ಮಧ್ಯಾಹ್ನ, ಪರದೆಯ ಹತ್ತಿರ ಬಂದ ಬೆರಳು ಅಲ್ಲೇ ನಿಂತಿತು. ಹಿಂದಕ್ಕೆ ಸರಿದು ಮತ್ತೆ ಬಂದಿತು. ದೊಡ್ಡಮ್ಮ ಕಣ್ಣು ತೆರೆಯದೆಯೇ ಗದರಿದರು: "ಇದೇನ್ರಿ ಇದು, ಹೊಲಿಗೆ ಇಷ್ಟು ಸೊಟ್ಟ?"

ದೊಡ್ಡಪ್ಪ ಎದ್ದುಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಅಷ್ಟು ಸಣ್ಣ ಬೈಗುಳಕ್ಕೆ ಅಷ್ಟು ದೊಡ್ಡ ಆಳು ಭುಜ ಕುಲುಕಿ ಅತ್ತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೊಡ್ಡಮ್ಮನ ಆ ಕೈ ಮತ್ತೆ ಹೊಲಿಗೆ ಯಂತ್ರ ನಡೆಸಲಿಲ್ಲ. ಗುಂಡಿ ಹಾಕುವಷ್ಟು, ತಲೆ ಬಾಚುವಷ್ಟು ಕಲಿಯಿತು. ಮುಂದೆ ಡ್ರಾಯಿಂಗ್ ಮೇಷ್ಟರೊಬ್ಬರು ಆ ಬೀದಿಯನ್ನು ಪ್ರದರ್ಶನಕ್ಕೆ ಕೇಳಿ, ಗಾಜಿನ ಚೌಕಟ್ಟು ಹಾಕಿಸುತ್ತೇನೆಂದರು. "ಗಾಜು ಬೇಡ. ಮುಟ್ಟಲಿ ಬಿಡಿ, ಸವೆದರೆ ಮತ್ತೆ ಅಂಟಿಸ್ತೀನಿ" ಎಂದರು ದೊಡ್ಡಪ್ಪ. ಜನ ಮುಟ್ಟಿದರು, ಸವೆಯಿತು, ಅವರು ಅಂಟಿಸಿದರು.

ಸಂಕಟ ಬಂದಾಗ ಕೆಲವರು ದೇವರನ್ನು ಕೇಳುತ್ತಾರೆ, ಕೆಲವರು ನೆಂಟರಿಷ್ಟರನ್ನು. ದೊಡ್ಡಪ್ಪನಂಥವರು ಮಾತ್ರ ತಮಗೆ ಬರುವ ಒಂದೇ ಒಂದು ಕೆಲಸದ ಬಳಿ ನೆರವು ಕೇಳುತ್ತಾರೆ. ಸಮಾಧಾನದ ಮಾತು ಬಾರದ ಅವರನ್ನು ನಾವು ಒರಟರೆಂದೂ ಮೂಕರೆಂದೂ ತಿಳಿದು ದೂರ ನಿಲ್ಲುತ್ತೇವೆ. ಅವರು ದಿನವೂ ಕೇಳುತ್ತಲೇ ಇರುತ್ತಾರೆ. ಅಪರೂಪಕ್ಕೊಮ್ಮೆ ಕೆಲಸ ಓಗೊಡುತ್ತದೆ.