ಹಾಳೆಯ ಮೊದಲ ಸಾಲು

ಮರೆವಿನ ಚಿಕಿತ್ಸಾಲಯಕ್ಕೆ ಹೊಸ ಪರೀಕ್ಷೆ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನರ್ಸು. ಆ ಹಿಗ್ಗಿನಲ್ಲಿ ರೋಗಿಗಳ ಮೇಲಿನ ಕರುಣೆ ಎಳ್ಳಷ್ಟೂ ಇರಲಿಲ್ಲ, ಸುಳ್ಳೇಕೆ. ಅವಳಿಗೆ ಬೇಕಿದ್ದದ್ದು ಸೇಡು.

ಅಲ್ಲಿಯವರೆಗೆ ದೊಡ್ಡ ಡಾಕ್ಟರು ಹೇಳಿದ್ದೇ ವೇದವಾಕ್ಯ. ಎರಡು ಮಾತಾಡಿದರೆ ಸಾಕು, ರೋಗಿಯ ತಲೆಯೊಳಗಿನದು ತಿಳಿಯುತ್ತದೆ ಎನ್ನುತ್ತಿದ್ದರು. ಆರು ವರ್ಷದ ಹಿಂದೆ ನರ್ಸಿನ ಅಮ್ಮನೊಡನೆಯೂ ಎರಡೇ ಮಾತಾಡಿದ್ದರು, ಅದೂ ಬೆನ್ನು ತಿರುಗಿಸಿ, ಏನೋ ಗೀಚುತ್ತ. ಅಮ್ಮನಿಗೆ ಕಿವಿ ಮಂದ. ಅವರು ಕೇಳಿದ್ದೊಂದು, ಅವಳು ಹೇಳಿದ್ದೊಂದು. ಮಗಳು ಬಾಯಿ ತೆರೆಯುವಷ್ಟರಲ್ಲಿ ಮರೆವಿನ ರೋಗ ಎಂದು ಬರೆದುಕೊಟ್ಟಾಗಿತ್ತು.

ಆ ಕಾಗದ ನಂಬಿ ಅಣ್ಣ ಅಮ್ಮನ ಹೊಲಿಗೆ ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟ, ಕೈ ಕೊಯ್ದುಕೊಂಡಾಳೆಂದು ಕತ್ತರಿಯನ್ನು ತನ್ನ ಮನೆಗೆ ಒಯ್ದ. ನಲವತ್ತು ವರ್ಷ ಹೊಲಿದ ಕೈ! ಎರಡು ವರ್ಷ ಹೊದಿಕೆಯ ಅಂಚು ಮಡಿಸುತ್ತ, ಬಿಚ್ಚುತ್ತ ಕೂತು ಸತ್ತಳು. ಕೊನೆಯ ದಿನದವರೆಗೂ ಬೀದಿಯ ಅರ್ಧ ಜನರ ಸೊಂಟದಳತೆ ಅವಳಿಗೆ ಬಾಯಿಪಾಠವಾಗಿತ್ತು. ಆಮೇಲೆ ಮಗಳು ಅದೇ ಚಿಕಿತ್ಸಾಲಯಕ್ಕೆ ಕೆಲಸಕ್ಕೆ ಸೇರಿದಳು. ಡಾಕ್ಟರಿಗೆ ಅವಳ ಗುರುತೇ ಸಿಗಲಿಲ್ಲ.

ಹೊಸ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ, ಒಂದೇ ಕ್ರಮ; ಸುಳಿವು ಕೊಡುವಂತಿಲ್ಲ. ಬಳಕೆಗೆ ತರುವ ಮೊದಲು ಸಿಬ್ಬಂದಿ ಒಬ್ಬರನ್ನೊಬ್ಬರು ಪರೀಕ್ಷಿಸಿ, ಹಾಳೆಗಳನ್ನು ಮೇಲಧಿಕಾರಿಗಳಿಗೆ ಕಳಿಸಬೇಕಿತ್ತು. ದೊಡ್ಡ ಡಾಕ್ಟರನ್ನು ಕೂರಿಸಿ ಪ್ರಶ್ನೆ ಕೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟಲು ನರ್ಸು ತಾನಾಗಿಯೇ ಮುಂದೆ ಬಂದಳು.

ಈಗ ಡಾಕ್ಟರಿಗೂ ಕಿವಿ ಮಂದ. ಜಂಬಕ್ಕೆ ಕಿವಿಯ ಮಷೀನನ್ನು ಮೇಜಿನ ಡ್ರಾಯರಿನಲ್ಲೇ ಇಡುತ್ತಿದ್ದರು. ಅದು ಗೊತ್ತಿದ್ದೇ ಅವಳು ಬಾಗಿಲು ಹಾಕಿ, ಕಿಟಕಿಯತ್ತ ತಿರುಗಿ, ನೆನಪಿಟ್ಟು ಹೇಳಬೇಕಾದ ಐದು ಪದಗಳನ್ನು ಮೆಲುದನಿಯಲ್ಲಿ ಓದಿದಳು. ಅವರು ಎರಡು ಹೇಳಿದರು. ಅದರಲ್ಲೊಂದು ಅವಳು ಓದಿಯೇ ಇರಲಿಲ್ಲ. ಕೊನೆಗೆ ಮೂವತ್ತಕ್ಕೆ ಹದಿನಾರು ಅಂಕ. ಈ ಹಾಳೆ ಮೇಲೆ ಹೋದರೆ ಅವರ ಕುರ್ಚಿ ಹೋದಂತೆಯೇ. ಅವರ ಹಣೆಯ ಬೆವರು ನೋಡಿ ಅವಳ ಹೊಟ್ಟೆ ತಣ್ಣಗಾಯಿತು.

ಸಹಿಗೆ ಮುಂಚೆ ಹಾಳೆಯ ಮೊದಲ ಸಾಲು ತುಂಬಬೇಕಿತ್ತು: ಕಿವಿ ಕೇಳಿಸುತ್ತದೆಯೇ ಎಂದು ನೋಡಲಾಯಿತೇ? 'ಹೌದು' ಎಂದು ಗೀಚಿದರೆ ಮುಗಿಯಿತು. ಗೀಚಿದರೆ ತಾನೂ ಅವರೂ ಒಂದೇ. ಅವಳು 'ಇಲ್ಲ' ಎಂದು ಬರೆದು ಹಾಳೆಯನ್ನು ಅಡ್ಡಗೆರೆ ಎಳೆದು ರದ್ದು ಮಾಡಿದಳು. ಇದು ಕ್ಷಮೆಯಲ್ಲ. ಇಷ್ಟು ಸುಲಭಕ್ಕೆ ಅವರನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಡ್ರಾಯರಿನಿಂದ ಮಷೀನು ತೆಗೆದು ಅವರ ಮುಂದಿಟ್ಟಳು. ಬೇರೆ ಪದಗಳಿದ್ದ ಇನ್ನೊಂದು ಹಾಳೆ ಹಿಡಿದು, ಎದುರಿಗೆ ಕೂತು, ಬಿಡಿಸಿ ಬಿಡಿಸಿ ಓದಿದಳು. ಮೂವತ್ತಕ್ಕೆ ಇಪ್ಪತ್ತೊಂಬತ್ತು.

"ಮೊದಲು ಬೇಕಂತಲೇ ಹಾಗೆ ಮಾಡಿದ್ರಿ," ಎಂದರು ಡಾಕ್ಟರು.

"ಹೌದು ಸರ್. ಕಲಿತಿದ್ದು ನಿಮ್ಮಿಂದಾನೇ."

ಚೀಲದಿಂದ ಅಮ್ಮನ ಹಳೆಯ ಕಾಗದ ತೆಗೆದಳು. ಅದಕ್ಕೆ ಅಮ್ಮನ ಹೆಸರು ಬರೆದ ಹೊಸ ಪರೀಕ್ಷೆಯ ಹಾಳೆಯೊಂದನ್ನು ಪಿನ್ ಮಾಡಿದ್ದಳು. ಮೊದಲ ಸಾಲು ಖಾಲಿಯಿತ್ತು. ಅದನ್ನು ನೀವೇ ತುಂಬಿ ಎಂದಳು.

ಡಾಕ್ಟರು ತಮ್ಮದೇ ಅಕ್ಷರವನ್ನು ತುಂಬ ಹೊತ್ತು ನೋಡಿದರು. "ಯಾರಿವರು? ನನಗೆ ನೆನಪಾಗ್ತಾ ಇಲ್ಲ."

"ಸುಳಿವು ಕೊಡೋ ಹಾಗಿಲ್ಲ ಸರ್."

ಪೆನ್ನನ್ನು ಅವರ ಕೈಗಿಟ್ಟು ಕಾದಳು. ಅವರು 'ಇಲ್ಲ' ಎಂದು ಬರೆದು ಸಹಿ ಹಾಕುವವರೆಗೂ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ.

ಆ ಹಾಳೆಯ ಒಂದು ಪ್ರತಿಯನ್ನು ಅದೇ ದಿನ ಅಣ್ಣನಿಗೆ ಕಳಿಸಿದಳು. ಕೆಳಗೆ ಒಂದೇ ಮಾತು ಬರೆದಿದ್ದಳು: ಅಮ್ಮನ ಕತ್ತರಿ ವಾಪಸ್ ಕೊಡು.