ಎಡಗೋಣೆಗೆ ಜಾಗವಿಲ್ಲ

ತಣ್ಣಗಿದೆ ಈ ಜೆಲ್, ಎದೆಯ ಮೇಲಿಂದ ಪಕ್ಕೆಗೆ ಇಳಿಯುತ್ತಿದೆ, ಎಡಕ್ಕೆ ತಿರುಗಿ ಮಲಗಿ ಮೇಡಂ ಅಂದಿದ್ದಾರೆ ಡಾಕ್ಟರು, ಕೊರಳಿನ ಲಿಂಗದ ಕರಡಿಗೆಯನ್ನು ಭುಜದ ಹಿಂದಕ್ಕೆ ಸರಿಸಿಕೊಂಡಿದ್ದೇನೆ, ಲಿಂಗ ಮೈಮೇಲಿಂದ ತೆಗೆಯಲ್ಲ ಸಾರ್ ಎಂದು ಅವ್ವ ನನಗಿಂತ ಮುಂಚೆ ಹೇಳಿದಳು, ನನ್ನ ಪರವಾಗಿ ಎಲ್ಲವನ್ನೂ ಅವಳೇ ಹೇಳುವುದು, ನನ್ನ ಈ ನಲವತ್ನಾಲ್ಕರಲ್ಲೂ — ಸ್ಕ್ಯಾನಿಂಗ್ ಪರದೆಯ ಮೇಲೆ ಬೂದುಬಣ್ಣದ್ದೇನೋ ಬಡಿದುಕೊಳ್ಳುತ್ತಿದೆ, ಅದು ನನ್ನ ಹೃದಯವಂತೆ. ಮುರಳೀಕೃಷ್ಣ ಡಾಕ್ಟರು ಒತ್ತಿ ಒತ್ತಿ ನೋಡುತ್ತಾರೆ, ಇದು ಬಲಗಡೆ ಕೋಣೆ, ಎಷ್ಟು ಊದಿದೆ ನೋಡಿ, ಇದು ಮಧ್ಯದ ಗೋಡೆ, ಎಡಕ್ಕೆ ವಾಲ್ಕೊಂಡಿದೆ, ಎಡಗಡೆ ಕೋಣೆ ಕೆಟ್ಟಿಲ್ಲ ಮೇಡಂ, ಚೆನ್ನಾಗೇ ಹಿಂಡತ್ತೆ, ಆದ್ರೆ ತುಂಬಿಕೊಳ್ಳೋಕೆ ಜಾಗ ಇಲ್ಲ, ಎರಡೂ ಇರೋದು ಒಂದೇ ಚೀಲದಲ್ಲಿ ಅಲ್ವಾ. ಬಸ್ಸಿನ ಇಬ್ಬರ ಸೀಟಿನಲ್ಲಿ ಪಕ್ಕದವಳು ಹರಡಿ ಕೂತರೆ ಕಿಟಕಿಯವಳು ಮುದುರಿಕೊಳ್ಳುವ ಹಾಗೆ, ಅದಕ್ಕೇ ವಿಜಯನಗರ ಮೆಟ್ರೋ ಮೆಟ್ಟಿಲಲ್ಲಿ ನನಗೆ ಉಸಿರು ಕಟ್ಟುವುದು, ಅವ್ವ ಹಿಂದಿನಿಂದ, ದಪ್ಪ ಆಗಿದೀಯ, ಸೋಮಾರಿ, ಹತ್ತು ಹತ್ತು — ಹುಟ್ಟಿನಿಂದ ತೂತಿದೆ, ಮೇಲಿನ ಎರಡು ಕೋಣೆ ಮಧ್ಯೆ, ರಕ್ತ ಎಡದಿಂದ ಬಲಕ್ಕೆ ಸೋರಿ ಸೋರಿ ಹೀಗಾಗಿದೆ, ಚಿಕ್ಕ ವಯಸ್ಸಲ್ಲಿ ಯಾರೂ ಹೇಳಿಲ್ವಾ, ಎಂದರು ಡಾಕ್ಟರು. ಇಲ್ಲ ಸಾರ್ ಎಂದೆ. ನಾನು ಇಲ್ಲ ಎಂದ ಮೇಲೆ ಅವ್ವ ಬಾಯಿಬಿಟ್ಟಳು, ಆಗ್ಲೇ ಹೇಳಿದ್ರು ಡಾಕ್ಟ್ರೇ, ಇವಳು ಪಿಯುಸೀಲಿದ್ದಾಗ, ಮುಚ್ಕೊಂಡಿರತ್ತೆ ಅಂದ್ಕೊಂಡ್ವಿ.

ಅಂದ್ಕೊಂಡ್ವಿ. ಅಪ್ಪ, ಅವ್ವ ಇಬ್ಬರೂ ಸೇರಿ ಅಂದುಕೊಂಡರು, ಆ ಮಾತಿನಲ್ಲಿ ನಾನೊಬ್ಬಳು ಮಾತ್ರ ಇಲ್ಲ. ಪಿಯುಸಿ, ಹೌದು, ಆಗ ಬೆಳಿಗ್ಗೆ ಬೆಳಿಗ್ಗೆ ಮಠಕ್ಕೆ ಎಳೆದುಕೊಂಡು ಹೋಗುತ್ತಿದ್ದಳು, ಅಯ್ಯನವರ ಪಾದೋದಕ ಅಂಗೈಗೆ ಹಾಕಿಸಿ, ಒಂದು ಹನಿ ಚೆಲ್ಲದಂಗೆ ಕುಡಿ ಕಣೇ, ಪಾಸಾಗ್ತೀಯ, ಕುಡಿದೆ, ಫಸ್ಟ್ ಕ್ಲಾಸ್ ಬಂತು, ಪಾದೋದಕದ ಮಹಿಮೆ ಎಂದು ಬೀದಿಗೆಲ್ಲ ಪೇಡ ಹಂಚಿದಳು — ಪರೀಕ್ಷೆಗಲ್ಲ, ತೂತು ಮುಚ್ಚಲಿ ಎಂದು ಕುಡಿಸಿದ ನೀರು ಅದು. ಆಪರೇಷನ್ ಮಾಡ್ಸಿ ಅಂದ್ರು, ಎದೆ ಮಧ್ಯ ಇಷ್ಟುದ್ದ ಗಾಯದ ಕಲೆ ಉಳಿಯತ್ತೆ ಅಂದ್ರು, ಹೆಣ್ಣುಮಗು, ಯಾರು ಮದುವೆ ಆಗ್ತಾರೆ ಹೇಳಿ ಡಾಕ್ಟ್ರೇ, ಇನ್ನೂ ಹೇಳುತ್ತಲೇ ಇದ್ದಾಳೆ, ಹೂವಿನವಳ ಹತ್ತಿರ ಚೌಕಾಸಿ ಮಾಡುವ ಅದೇ ದನಿಯಲ್ಲಿ. ನನ್ನ ಗಂಡ ಚನ್ನವೀರೇಶ್ ಹೆಣ್ಣು ನೋಡಲು ಬಂದಾಗ ಇವಳಿಗೆ ಒಂದಿನ ಜ್ವರ ಅಂತ ಬಂದಿಲ್ಲ ಅಂದಿದ್ದಳು, ಅವರಿಗೆ ಸುಳ್ಳು ಹೇಳಿದರೆ ಹೇಳಲಿ, ನನಗೆ, ಹೆತ್ತ ಮಗಳಿಗೆ, ನನ್ನದೇ ಎದೆಯ ಸುದ್ದಿ. ವಚನಾ ಹೊಟ್ಟೆಯಲ್ಲಿದ್ದಾಗ ಏದುಸಿರು, ಬಸುರೀಲಿ ಇದ್ದದ್ದೇ ಬಿಡು ಎನ್ನುತ್ತಾ ಎದುರಿಗೆ ಕೂತು ಕಾಲು ಒತ್ತಿದಳು, ಗೊತ್ತಿತ್ತು, ಒತ್ತುತ್ತಲೇ ಗೊತ್ತಿತ್ತು, ಆಮೇಲೆ ಒಂದೇ ಸಾಕು, ಹೆಣ್ಣಾದ್ರೇನು, ಎಂದು ನಮ್ಮತ್ತೆಯ ಎದುರು ನಿಂತು ಹೇಳಿದಾಗ ನಮ್ಮವ್ವನಂಥ ಅವ್ವ ಇಡೀ ಬಸವೇಶ್ವರನಗರದಲ್ಲಿ ಇಲ್ಲ ಎಂದು ಮೆರೆದೆನಲ್ಲ, ದಡ್ಡಿ ನಾನು, ಇನ್ನೊಂದು ಹೆತ್ತರೆ ಗುಟ್ಟು ರಟ್ಟಾಗುತ್ತದೆ ಎಂದು ಹೆದರಿದೆಯಾ, ನಾನು ಸಾಯುತ್ತೇನೆ ಎಂದು ಹೆದರಿದೆಯಾ, ಯಾವುದಕ್ಕೆ ಅವ್ವ.

ಈಗ ಮುಚ್ಚಬಹುದಾ ಸಾರ್, ಇದು ನನ್ನದೇ ದನಿ, ಎಲ್ಲೋ ದೂರದಿಂದ. ಶ್ವಾಸಕೋಶದಲ್ಲಿ ಒತ್ತಡ ಏರಿದೆ ಮೇಡಂ, ಅಳೆದು ನೋಡ್ಬೇಕು, ಮಿತಿ ಮೀರಿದ್ರೆ ಮುಚ್ಚೋ ಹಾಗಿಲ್ಲ, ಮಾತ್ರೇಲೇ ಕಾಲ ಹಾಕ್ಬೇಕು, ಆಗ್ಲೇ ಬಂದಿದ್ರೆ — ಡಾಕ್ಟರು ಒರೆಸ್ಕೊಳ್ಳಿ ಎಂದು ಟಿಶ್ಯೂ ಕೊಟ್ಟು ಬಟ್ಟೆಯ ಪರದೆಯ ಆಚೆ ಹೋದರು. ಅವ್ವ ಟಿಶ್ಯೂ ಮುಟ್ಟುವುದಿಲ್ಲ, ತನ್ನ ಸೆರಗು ತೆಗೆದುಕೊಂಡಳು, ಬಿಡವ್ವ ನಾನೇ ಒರೆಸ್ಕೋತೀನಿ, ಸುಮ್ನಿರೇ ಅಂದಳು, ಜೆಲ್ ಹೋಯಿತು, ಅಂಟೂ ಹೋಯಿತು, ಚರ್ಮ ಉರಿಯುತ್ತಿದೆ, ಕೈ ತೆಗೆಯುವುದಿಲ್ಲ ಅವಳು, ನನ್ನ ಮುಖವನ್ನೂ ನೋಡುವುದಿಲ್ಲ, ಎದೆಯ ನಡುವೆ, ಮೇಲಿಂದ ಕೆಳಕ್ಕೆ, ಇಷ್ಟುದ್ದ, ಕಲೆ ಇರಬೇಕಾಗಿದ್ದ ಜಾಗ, ಏನೂ ಇಲ್ಲ ಅಲ್ಲಿ, ಒರೆಸುತ್ತಾಳೆ, ನುಣ್ಣಗಿದೆ, ಒರೆಸುತ್ತಾಳೆ, ನುಣ್ಣಗೆ