ಹಸಿ ಬಣ್ಣ

"ಥೂ! ಇವಳಾ? ಇಷ್ಟೊತ್ತೂ ನನ್ನ ಕೈ ಹಿಡ್ಕೊಂಡಿದ್ದು ಇವಳಾ?"

ಕಂಟ್ರಾಕ್ಟರಮ್ಮ ಕೈ ಕಿತ್ತುಕೊಂಡ ರಭಸಕ್ಕೆ ಕೆಂಪು ಬಣ್ಣದ ಬಾಟಲಿ ಉರುಳಿ ಪುಟ್ಟಿಯ ಏಪ್ರನ್ ಮೇಲೆ ಬಿತ್ತು. ಕಂಟ್ರಾಕ್ಟರಮ್ಮನ ಕಣ್ಣಿನ ಮೇಲೆ ಹೊದಿಸಿದ್ದ ತಂಪು ಪಟ್ಟಿ ಇನ್ನೂ ಒಂದು ಕೆನ್ನೆಗೆ ಅಂಟಿಕೊಂಡೇ ಇತ್ತು. ಫೋನು ಹೊಡೆದುಕೊಂಡಿತೆಂದು ಪಟ್ಟಿ ಸರಿಸಿದ್ದಳು. ಸರಿಸಿದವಳ ಕಣ್ಣಿಗೆ ಮೊದಲು ಬಿದ್ದದ್ದು ಪುಟ್ಟಿಯ ಮುಖ.

"ಏಯ್, ಬಾಯಿ ಬಿಡೇ ಮುಂಡೇದೆ! ಕಕ್ಕಸು ತೊಳೆಯೋಳ ಮಗಳಲ್ವೇನೇ ನೀನು? ಈ ಕೈಲಿ ಅನ್ನ ತಿನ್ನೋಳು ಕಣೇ ನಾನು!"

"ಅವಳು ಕಾಲು ಮಾಡೋಳು ಅಮ್ಮಾವ್ರೇ, ಬರೀ ಕಾಲು ಮಾಡೋಳು" ಎನ್ನುತ್ತ ಸಲೂನಿನ ಮೇಡಂ ಕೌಂಟರ್ ಬಿಟ್ಟು ಪರದೆಯ ಹಿಂದಕ್ಕೆ ಓಡಿಬಂದಳು.

ಮೇಡಂ ಹೇಳಿದ್ದು ಸುಳ್ಳಲ್ಲ. ಸಲೂನಿನಲ್ಲಿ ಪುಟ್ಟಿಗೆ ಬಿದ್ದಿದ್ದ ಹೆಸರೇ ಕಾಲುಪುಟ್ಟಿ. ಅವಳ ಅವ್ವ ಅದೇ ಸಲೂನಿನ ನೆಲ ಒರೆಸಿ ಕಕ್ಕಸು ತೊಳೆಯುವವಳು, ಬಾಗಿಲು ತೆರೆದ ದಿನದಿಂದಲೂ. ಮಗಳು ಹಗಲೆಲ್ಲ ಕಂಡವರ ಮನೆ ಪಾತ್ರೆ ತಿಕ್ಕಿ, ಸಂಜೆ ತರಗತಿಗೆ ಹೋಗಿ, ಪ್ಲಾಸ್ಟಿಕ್ ಬೆರಳಿನ ಮೇಲೆ, ತನ್ನದೇ ಎಡಗೈ ಮೇಲೆ ಕಲಿತು, ಉಗುರಿನ ಕೆಲಸದ ಪರೀಕ್ಷೆ ಪಾಸು ಮಾಡಿದಳು. ಸರ್ಟಿಫಿಕೇಟ್ ತಂದು ಕೊಟ್ಟಾಗ ಮೇಡಂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಭೇಷ್" ಅಂದು, ಕಾಲು ತೊಳೆಯುವ ಟಬ್ಬಿನ ಮುಂದೆ ಕೂರಿಸಿದಳು. "ಕಾಲು ನಿಂದು, ಕೈ ಸೀನಿಯರ್‌ದು. ಕೈ ಅಂದ್ರೆ ನಂಬಿಕೆ ಕಣೇ. ನಂಬಿಕೆ ಅನ್ನೋದು ಸರ್ಟಿಫಿಕೇಟ್ ಜೊತೆ ಬರಲ್ಲ."

ಆ ಸೀನಿಯರ್, ಎಲ್ಲರ ಬಾಯಲ್ಲಿ ಸೀನಿಯರಕ್ಕ, ವರ್ಷಗಟ್ಟಲೆ ಉಗುರು ಉಜ್ಜಿ ಉಜ್ಜಿ ಮಣಿಕಟ್ಟು ಊದಿಸಿಕೊಂಡಿದ್ದಳು. ಮೇಡಂ ಕಿವಿಗೆ ಬಿದ್ದರೆ ಕೆಲಸಕ್ಕೆ ಕುತ್ತು. ಅದಕ್ಕೊಂದು ಉಪಾಯ ಹೂಡಿದ್ದಳು. ಗಿರಾಕಿಯನ್ನು ಪರದೆಯ ಹಿಂದಿನ ಕುರ್ಚಿಯಲ್ಲಿ ಒರಗಿಸಿ, ಕಣ್ಣಿಗೆ ತಂಪು ಪಟ್ಟಿ ಹಾಕಿ, ತಾನು ಪಕ್ಕದಲ್ಲಿ ಕೂತು ಹರಟುವುದು. ಕೆಲಸ ಪುಟ್ಟಿ ಮಾಡುವುದು. ಬಾಯಿ ಒಬ್ಬಳದು, ಕೈ ಇನ್ನೊಬ್ಬಳದು. "ನಿನ್ನ ಕೈಯಲ್ಲಿ ಏನೋ ಇದೆ ಕಣಮ್ಮಾ, ನಿದ್ದೆನೇ ಬಂದ್ಬಿಡುತ್ತೆ" ಎಂದು ಇದೇ ಕಂಟ್ರಾಕ್ಟರಮ್ಮ ಹೋದ ಸಲ ಸೀನಿಯರಕ್ಕನ ಗಲ್ಲ ಹಿಂಡಿ ಹೋಗಿದ್ದಳು.

ಈಗ ಸೀನಿಯರಕ್ಕ ಪುಟ್ಟಿಯ ಮುಖ ನೋಡಲಿಲ್ಲ. "ನಾನು ಒಂದೇ ನಿಮಿಷ ಎದ್ದು ಹೋಗಿದ್ದೆ ಮೇಡಂ. ಬರೋದ್ರೊಳಗೆ ಇವಳು ಬಂದು ಕೂತ್ಬಿಟ್ಟಿದಾಳೆ."

"ಟೇಬಲ್ ಮೇಲೆ ಗಿರಾಕಿ ಕೈ ಇರುವಾಗ ಏಳಬಾರದು ಅಂತ ಎಷ್ಟು ಸಲ ಬಡ್ಕೊಂಡಿದೀನಿ? ಬೆಂಕಿ ಬಿದ್ರೂ ಏಳಬಾರದು!"

"ಕಾಲು ಬೇಕಾದ್ರೆ ಹಿಡ್ಕೊಳ್ಳಲಿ, ನನ್ನದೇನೂ ತಕರಾರಿಲ್ಲ" ಎಂದಳು ಕಂಟ್ರಾಕ್ಟರಮ್ಮ, ಕೈಯನ್ನು ಟಿಶ್ಯೂ ಕಾಗದದಿಂದ ತಿಕ್ಕಿಕೊಳ್ಳುತ್ತ. "ಕಾಲು ಹಿಡಿಯೋದು ಅವರಿಗೆ ಹುಟ್ಟಾ ಗೊತ್ತಿರೋ ಕೆಲಸ."

ಪರದೆಯ ಆಚೆ ನೆಲ ಒರೆಸುತ್ತಿದ್ದ ಸದ್ದು ನಿಂತಿತು. ಸಂದಿಯಲ್ಲಿ ಅವ್ವನ ಮುಖ ಕಂಡಿತು. ಬೇಡ ಕಣೇ, ಸುಮ್ಮನಿರು ಎಂದು ಅವಳು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ಪುಟ್ಟಿಗೆ ಕಂಡಿತು. ಕಂಡರೂ ಬಾಯಿ ನಿಲ್ಲಲಿಲ್ಲ.

"ಹೋದ ಸಲಾನೂ ನಾನೇ ಮಾಡಿದ್ದು ಅಮ್ಮಾವ್ರೇ. ಅದರ ಹಿಂದಿನ ಸಲಾನೂ ನಾನೇ. ನೀವು ಚೆನ್ನಾಗಿದೆ ಅಂದ್ರಿ."

ಕಂಟ್ರಾಕ್ಟರಮ್ಮ ಕಾಗದವನ್ನು ಮುದುರಿ ಟೇಬಲ್ ಮೇಲೆ ಎಸೆದಳು. ಅವಳ ಮುಖದಲ್ಲಿ ಈಗ ಸಿಟ್ಟಿಗಿಂತ ಹೆಚ್ಚಾಗಿ, ಇಲಿ ಸಿಕ್ಕ ಬೆಕ್ಕಿನ ಖುಷಿ ಇತ್ತು. "ಹೌದಾ? ಹಾಗಿದ್ರೆ ನನ್ನ ಕಣ್ಣೆದುರಿಗೆ ಮಾಡಿ ತೋರ್ಸು. ಏನಮ್ಮಾ, ನಿಮ್ಮಲ್ಲಿ ಅದೇನೋ ಟ್ರಯಲ್ ಅಂತ ಇದೆಯಲ್ಲ?"

ಇತ್ತು. ಹೊಸಬರು ಕೈಯ ಟೇಬಲ್ಲಿಗೆ ಕೂರುವ ಮೊದಲು ತಮ್ಮದೇ ಒಬ್ಬ ಮಾಡೆಲ್ ಕರೆತಂದು, ಹಳೇ ಗಿರಾಕಿಯೊಬ್ಬರ ಮುಂದೆ ಎರಡೂ ಕೈ ಮಾಡಿ ತೋರಿಸಬೇಕು. ಆ ಗಿರಾಕಿ ಹೂಂ ಅಂದರೆ ಟೇಬಲ್ಲು. ಪುಟ್ಟಿಯ ಟ್ರಯಲ್ಲನ್ನು ಮೇಡಂ ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದಿದ್ದಳು.

"ಗುರುವಾರ ಹನ್ನೊಂದಕ್ಕೆ ನಾನೇ ಬಂದು ನೋಡ್ತೀನಿ" ಎಂದಳು ಕಂಟ್ರಾಕ್ಟರಮ್ಮ. "ಗೆದ್ರೆ ಕೈ ಮಾಡ್ಲಿ. ಇಲ್ವಾ, ಆ ಟಬ್ಬೂ ಬೇಡ ಇವಳಿಗೆ. ಅವ್ವನ ಜೊತೆ ಬಕೆಟ್ ಹಿಡೀಲಿ."

"ನಿಮ್ಮ ಮಾತೇ ಕೊನೆ ಅಮ್ಮಾವ್ರೇ" ಎಂದ ಮೇಡಂ, ಸೀನಿಯರಕ್ಕನ ಕಡೆ ತಿರುಗಿದಳು. "ನೋಡ್ತಾ ನಿಂತಿದೀಯಲ್ಲ, ಆ ಬಣ್ಣ ಎಲ್ಲಾ ತೆಗಿ. ಹೊಸದಾಗಿ ಹಾಕು."

ಸೀನಿಯರಕ್ಕ ಊದಿದ ಮಣಿಕಟ್ಟಿನಲ್ಲಿ, ಹಲ್ಲು ಕಚ್ಚಿಕೊಂಡು, ಪುಟ್ಟಿ ಹಾಕಿದ ಬಣ್ಣವನ್ನು ಒಂದೊಂದೇ ಉಗುರಿನಿಂದ ಕೆರೆದು ತೆಗೆದಳು.

*

"ಬಾಯಿ ಬಿಡು ಅಂತ ಯಾರೇ ನಿನಗೆ ಹೇಳಿದೋರು?" ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವ್ವ ಶುರು ಮಾಡಿದಳು. "ಇವತ್ತು ಬೈಸಿಕೊಂಡು ನಾಳೆ ಮರೆತುಬಿಡ್ತಿದ್ವಿ."

"ಎಷ್ಟು ಸಲ ಮರೀತೀಯವ್ವಾ?"

"ಮರೆಯೋದಕ್ಕೆ ಕಾಸು ಕೊಡಬೇಕೇನೇ? ಇಬ್ಬರದೂ ಅನ್ನ ಒಂದೇ ಬಾಗಿಲಲ್ಲಿದೆ. ಮೇಡಂ ಬಾಗಿಲು ಹಾಕಿದ್ರೆ ಸರ್ಟಿಫಿಕೇಟ್ ನೆಕ್ಕೋಕಾಗುತ್ತಾ?"

ಮನೆ ಅಂದರೆ ಒಂದೇ ಕೋಣೆ. ಒಲೆಯ ಪಕ್ಕ ಹಾಸಿಗೆಯ ಸುರುಳಿ, ಹಾಸಿಗೆಯ ಮೇಲಿನ ಗೋಡೆಗೆ ಆ ಸರ್ಟಿಫಿಕೇಟು. ಪುಟ್ಟಿ ಅದರ ಕಡೆ ನೋಡದೆ ಹೊರಗೆ ಹೋದಳು. ಓಣಿಯ ಒಂದೊಂದೇ ಬಾಗಿಲಲ್ಲಿ ನಿಂತು, ಗುರುವಾರ ಮಾಡೆಲ್ ಆಗಿ ಬರ್ತೀರಾ ಎಂದು ಕೇಳಿದಳು. ಅವಳಿಗೆ ಗೊತ್ತಿದ್ದ ಹೆಂಗಸರೆಲ್ಲ ಆ ಹೊತ್ತಿಗೆ ಯಾರದೋ ಮನೆಯ ಸಿಂಕಿನ ಮುಂದೆ, ಇಲ್ಲವೇ ಯಾವುದೋ ಫ್ಯಾಕ್ಟರಿಯ ಮೆಷಿನ್ ಮುಂದೆ. ಹಗಲು ಹನ್ನೊಂದಕ್ಕೆ ಖಾಲಿ ಇರುವ ಕೈ ಆ ಓಣಿಯಲ್ಲಿ ಒಂದೂ ಇರಲಿಲ್ಲ.

"ಎಡಗೈ ಬೇಕಾದ್ರೆ ತಗೊಂಡ್ಹೋಗೇ" ಎಂದಳು ಎದುರು ಮನೆ ಅತ್ತೆ. "ಬಲಗೈ ಬಿಟ್ಟು ಬಂದ್ರೆ ನಮ್ಮ ಯಜಮಾನಿ ಬಾಗಿಲೇ ತೆಗೆಯಲ್ಲ."

ಕೊನೆಗೆ ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಯುತ್ತಿದ್ದ ಚಿಕ್ಕಮ್ಮನ ಮಗಳು ಮಾತು ಕೊಟ್ಟಳು. "ಹೊಟ್ಟೆನೋವು ಅಂತ ಹೇಳಿ ಬರ್ತೀನಿ ಕಣೇ. ನನ್ನ ಉಗುರಿಗೂ ಒಂದು ದಿನ ಹಬ್ಬ ಆಗ್ಲಿ."

ಪುಟ್ಟಿ ವಾಪಸ್ ಬಂದಾಗ ಅವ್ವ ಮಗಳ ಏಪ್ರನ್ ತೊಳೆಯಲು ಚೀಲದಿಂದ ತೆಗೆದಿದ್ದಳು. ಮುದುರಿದ ಬಟ್ಟೆ ಬಿಡಿಸಿದರೆ ಬೆಳಗ್ಗೆ ಚೆಲ್ಲಿದ ಬಣ್ಣ ಇನ್ನೂ ಹಾಗೇ ಮಿರುಗುತ್ತಿತ್ತು. ಅವ್ವ ಅದಕ್ಕೆ ಬಾಯಿ ಹತ್ತಿರ ತಂದು ಉಫ್ ಉಫ್ ಎಂದು ಊದಿದಳು.

"ಊದಿದ್ರೆ ಒಣಗಲ್ಲವ್ವಾ. ಜೆಲ್ ಅದು. ಲ್ಯಾಂಪಿನ ನೀಲಿ ಬೆಳಕು ಬೀಳೋವರೆಗೂ ಹಸಿ. ನಾಳೆ ಮುಟ್ಟಿದ್ರೂ ಅಂಟುತ್ತೆ."

"ಒಳ್ಳೇ ಹಠಮಾರಿ ಬಣ್ಣ. ನಿನ್ನ ಹಾಗೇ."

ಪುಟ್ಟಿ ನಕ್ಕು, ಅಭ್ಯಾಸಕ್ಕೆಂದು ಅವ್ವನ ಬಲಗೈ ಎಳೆದುಕೊಂಡಳು. ಬಕೆಟ್ಟಿನ ಹಿಡಿ ತಾಗಿ ತಾಗಿ ಸೀಳಿದ ಹೆಬ್ಬೆರಳಿನ ಉಗುರು. ಆಸಿಡ್ ಹಾರಿದ ಕಡೆ ಬಿಳಿಚಿದ ಚರ್ಮ. ಎಷ್ಟು ತೊಳೆದರೂ ಹೋಗದ ಕಪ್ಪು ಗೆರೆಗಳು. ಅವ್ವ ಕೈಯನ್ನು ಸರಕ್ಕನೆ ಎಳೆದುಕೊಂಡು ಕಂಕುಳಲ್ಲಿ ಬಚ್ಚಿಟ್ಟಳು.

"ಈ ಕೈಗಾ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತಾರೆ ಕಂಡೋರು. ಹೋಗೇ."

*

ಗುರುವಾರ ಕಂಟ್ರಾಕ್ಟರಮ್ಮ ಸಿನಿಮಾಕ್ಕೆ ಬಂದವಳ ಹಾಗೆ ಗೆಳತಿಯೊಬ್ಬಳನ್ನೂ ಕರೆತಂದಿದ್ದಳು. ಮೇಡಂ ಇಬ್ಬರಿಗೂ ಕಾಫಿ ತರಿಸಿದಳು. ಟ್ರಯಲ್ಲು ಪರದೆಯ ಹಿಂದಲ್ಲ, ಮುಂದಿನ ಗಾಜಿನ ಪಕ್ಕದ ಟೇಬಲ್ಲಿನಲ್ಲಿ; ರಸ್ತೆಯವರೂ ನೋಡಲಿ ಎಂದು. ಪುಟ್ಟಿ ಅರ, ಕುಂಚ, ಬಾಟಲಿಗಳನ್ನು ಸಾಲಾಗಿ ಜೋಡಿಸಿ, ಲ್ಯಾಂಪಿನ ಪ್ಲಗ್ಗು ಹಾಕಿ ಕಾದಳು. ಹನ್ನೊಂದಾಯಿತು. ಬಾಗಿಲ ಗಂಟೆ ಸದ್ದು ಮಾಡಲಿಲ್ಲ.

ಫೋನು ಬಂತು. ಚಿಕ್ಕಮ್ಮನ ಮಗಳು ಪಿಸುಗುಡುತ್ತಿದ್ದಳು. "ಸೂಪರ್‌ವೈಸರ್ ಬೇವರ್ಸಿ ಗೇಟಿಗೆ ಬೀಗ ಹಾಕ್ಸಿದಾನೆ ಕಣೇ. ಹೊಟ್ಟೆನೋವಾದ್ರೆ ಇಲ್ಲೇ ಮಲಕ್ಕೋ ಅಂತಾನೆ."

ಪುಟ್ಟಿ ಫೋನು ಕೆಳಗಿಟ್ಟಳು.

"ಏನಂತೆ?" ಕಂಟ್ರಾಕ್ಟರಮ್ಮ ಕಾಫಿ ಹೀರಿದಳು. "ಬರಲ್ವಂತಾ? ಅಯ್ಯೋ ಪಾಪ. ಇಷ್ಟು ದೊಡ್ಡ ಊರಲ್ಲಿ ನಿನ್ನನ್ನ ನಂಬಿ ಕೈ ಚಾಚೋ ಒಬ್ಬಳು ಗತಿಗೆಟ್ಟೋಳೂ ಇಲ್ವೇನೇ?"

ಗೆಳತಿ ಕಿಸಕ್ಕೆಂದಳು. ಸೀನಿಯರಕ್ಕ ತಲೆ ತಗ್ಗಿಸಿ ಟವೆಲ್ ಮಡಿಸುತ್ತಿದ್ದಳು, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದಳು. ಮೇಡಂ ಬಾಯಿ ತೆರೆದಳು, "ಹೋಗ್ಲಿ ಬಿಡು, ಪುಟ್ಟಿ, ಹೋಗಿ ಬಕೆಟ್..."

"ಗತಿಗೆಟ್ಟೋಳು ಇದೀನಿ."

ಅವ್ವ. ಮಾಪಿನ ಕೋಲನ್ನು ಕನ್ನಡಿಗೆ ಒರಗಿಸಿ, ಬಕೆಟ್ಟನ್ನು ನಡುವೆಯೇ ಬಿಟ್ಟು, ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಬಂದು, ಗಾಜಿನ ಪಕ್ಕದ ಬಿಳಿ ಕುರ್ಚಿಯಲ್ಲಿ ಕೂತಳು.

"ಏಯ್! ಅದು ಗಿರಾಕಿ ಕುರ್ಚಿ!"

"ಮಾಡೆಲ್ ಕೂರೋ ಕುರ್ಚಿನೂ ಅದೇ ಅಲ್ವಾ ಮೇಡಂ? ದಿನಾ ಒರೆಸ್ತೀನಿ, ಗೊತ್ತು." ಎರಡೂ ಕೈಯನ್ನು ಟವೆಲ್ ಮೇಲೆ ಇಟ್ಟಳು. "ಅವರವರ ಮಾಡೆಲ್ ಅವರವರೇ ತರಬೇಕು ಅಂತ ನೀವೇ ಹೇಳಿದ್ದು. ತಂದಿದಾಳೆ. ಮಾಡೇ ಪುಟ್ಟಿ."

"ಬಿಡಿ, ಮಾಡ್ಲಿ" ಎಂದಳು ಕಂಟ್ರಾಕ್ಟರಮ್ಮ ಕಾಲ ಮೇಲೆ ಕಾಲು ಹಾಕಿ. "ಮಜಾ ಇರುತ್ತೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ."

"ಪರಿಮಳ ಗೊತ್ತಿಲ್ಲಮ್ಮಾ" ಎಂದಳು ಅವ್ವ. "ಕತ್ತೆಗೆ ಭಾರ ಗೊತ್ತು."

ಪುಟ್ಟಿ ಅವ್ವನ ಕೈ ಹಿಡಿದಳು. ಎಷ್ಟೋ ಜನರ ಕೈ ಹಿಡಿದಿದ್ದಳು, ಎಲ್ಲ ಮೆತ್ತಗೆ, ಸೋಪಿನ ಹಾಗೆ ಜಾರುವಂಥವು. ಇದು ಮರದ ತೊಗಟೆ. ಅವ್ವನ ಕೈ ಅಲುಗಲಿಲ್ಲ. ಪುಟ್ಟಿ ಉಗುರ ಬುಡದ ಗಡಸು ಚರ್ಮವನ್ನು ನೆನೆಸಿ, ಕಡ್ಡಿಯಿಂದ ಹಿಂದೆ ಸರಿಸಿದಳು. ಸೀಳಿದ ಹೆಬ್ಬೆರಳ ಉಗುರನ್ನು ಅಂಟಿಸಿ ಮಟ್ಟ ಮಾಡಿದಳು. ಅರ ಆಡಿಸುವಾಗ ಒಮ್ಮೆ ಅವಳ ಕೈ ತಡೆಯಿತು.

"ನೋಯಲ್ಲ, ಉಜ್ಜು" ಎಂದಳು ಅವ್ವ, ಮೆಲ್ಲಗೆ.

ಅಡಿಬಣ್ಣ ಹಾಕಿ ಲ್ಯಾಂಪಿನಡಿ ಇಟ್ಟಳು. ತೆಗೆದಳು. ಆಮೇಲೆ ಕೆಂಪು. ಕಂಟ್ರಾಕ್ಟರಮ್ಮನ ಮೆಚ್ಚಿನ ಅದೇ ಕೆಂಪು. ಅಂಚಿಗೆ ತಾಗದ ಹಾಗೆ, ಉಸಿರು ಬಿಗಿಹಿಡಿದು, ಒಂದೊಂದು ಉಗುರಿಗೂ ಮೂರೇ ಎಳೆ. ಗಾಜಿನಾಚೆ ರಸ್ತೆಯಲ್ಲಿ ಯಾರೋ ಇಬ್ಬರು ನಿಂತು ನೋಡತೊಡಗಿದ್ದರು. ಸೀನಿಯರಕ್ಕ ಟವೆಲ್ ಬಿಟ್ಟು ಹತ್ತಿರ ಬಂದಿದ್ದಳು. ಕೊನೆಯ ಕಿರುಬೆರಳೂ ಮುಗಿಯಿತು.

ಗೆಳತಿ ಮುಂದಕ್ಕೆ ಬಗ್ಗಿದಳು. ಬಾಯಿ ತಪ್ಪಿ ಬಂದ ಮಾತು ಅದು. "ಅಯ್ಯೋ, ಎಷ್ಟು ನೀಟಾಗಿದೆಯೇ! ನನಗೂ ಹಾಕ್ತೀಯೇನಮ್ಮಾ, ಇದೇ ಬಣ್ಣ?"

ಕಂಟ್ರಾಕ್ಟರಮ್ಮನ ಕಾಫಿ ಲೋಟ ಠಕ್ಕೆಂದು ಕೆಳಗಿಳಿಯಿತು. "ಸಾಕು ನಿಲ್ಸು! ಇದು ನನ್ನ ಬಣ್ಣ. ಕಕ್ಕಸು ತೊಳೆಯೋಳ ಕೈಗೂ ಅದೇ, ನನ್ನ ಕೈಗೂ ಅದೇನಾ? ಆ ಲ್ಯಾಂಪೊಳಗೆ ಇನ್ನೊಂದು ಸಲ ಅವಳ ಕೈ ಹೋದ್ರೆ, ನಾನೂ ಬರಲ್ಲ, ನಮ್ಮ ಕಡೆಯೋರು ಯಾರೂ ಈ ಬಾಗಿಲು ತುಳಿಯಲ್ಲ. ಹೇಳಿದೀನಿ!"

ಮೇಡಂ ಯೋಚಿಸಲು ನಿಲ್ಲಲಿಲ್ಲ. ಬಗ್ಗಿ, ಗೋಡೆಯಿಂದ ಲ್ಯಾಂಪಿನ ಪ್ಲಗ್ಗು ಕಿತ್ತಳು. "ಟ್ರಯಲ್ ಮುಗೀತು. ಎದ್ದೇಳೇ ಮೇಲೆ!"

ಕಂಟ್ರಾಕ್ಟರಮ್ಮ ದಡಕ್ಕನೆ ಎದ್ದಳು. ತೋಳಲ್ಲಿ ಜೋತಾಡುತ್ತಿದ್ದ ಬ್ಯಾಗು ಮಾಪಿನ ಕೋಲಿಗೆ ಸಿಕ್ಕಿತು. ಕೋಲು ಬಕೆಟ್ಟಿನ ಮೇಲೆ ಬಿತ್ತು. ಬೆಳಗ್ಗಿಂದ ಸಲೂನು ಒರೆಸಿದ ಕೊಚ್ಚೆ ನೀರೆಲ್ಲ ಬಿಳಿ ಟೈಲ್ಸಿನ ಮೇಲೆ ಹರಿಯಿತು.

"ಅಯ್ಯಯ್ಯೋ, ನನ್ನ ಚಪ್ಪಲಿ!" ಎನ್ನುತ್ತ ಅವಳು ಮತ್ತೆ ಕುರ್ಚಿಯಲ್ಲಿ ಕುಸಿದು ಎರಡೂ ಕಾಲು ಮೇಲೆತ್ತಿಕೊಂಡಳು. ಗೆಳತಿಯೂ ಎತ್ತಿಕೊಂಡಳು. "ನಾತ! ಥೂ! ಏ, ಒರೆಸ್ರೇ ಯಾರಾದ್ರೂ!"

"ಒರೆಸೇ!" ಮೇಡಂ ಅವ್ವನ ಕಡೆ ಕೂಗಿದಳು.

ಅವ್ವ ಏಳಲಿಲ್ಲ. ಹತ್ತೂ ಬೆರಳು ಅಗಲಿಸಿ ಎದೆಯ ಮಟ್ಟಕ್ಕೆ ಎತ್ತಿದಳು. ಹತ್ತೂ ಉಗುರು ಕೆಂಪಗೆ, ಹಸಿಹಸಿಯಾಗಿ ಹೊಳೆಯುತ್ತಿದ್ದವು.

"ಬಣ್ಣ ಹಸಿ ಇದೆಯಲ್ಲ ಮೇಡಂ. ಏನೂ ಮುಟ್ಟೋ ಹಾಗಿಲ್ಲ. ಲ್ಯಾಂಪ್ ಹಾಕಿ, ಒಣಗಿದ ಮೇಲೆ ನೋಡೋಣ."

"ಸೀನಿಯರ್! ನೀನು ಹಿಂಡಿ ಒರೆಸು!"

ಸೀನಿಯರಕ್ಕ ನೀರು ನೋಡಿದಳು, ಅವ್ವನ ಉಗುರು ನೋಡಿದಳು. ಆಮೇಲೆ ತೋಳು ಮೇಲೆ ಸರಿಸಿ, ಊದಿದ ಮಣಿಕಟ್ಟನ್ನು ಎಲ್ಲರ ಮುಂದೆ ಮೊದಲ ಸಲ ತೋರಿಸಿದಳು. "ಆಗಲ್ಲ ಮೇಡಂ. ಆರು ತಿಂಗಳಿಂದ ಆಗ್ತಿಲ್ಲ."

"ಪುಟ್ಟೀ!"

ಪುಟ್ಟಿ ಅವ್ವನ ಮಣಿಕಟ್ಟಿನಡಿ ಟವೆಲ್ ಸರಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಟೇಬಲ್ ಮೇಲೆ ಗಿರಾಕಿ ಕೈ ಇದೆ ಮೇಡಂ. ಬೆಂಕಿ ಬಿದ್ರೂ ಏಳಬಾರದು."

ನೀರು ಕುರ್ಚಿಗಳ ಕಾಲು ಸುತ್ತಿ, ಕೌಂಟರಿನ ಅಡಿ ನುಗ್ಗಿ, ಗಾಜಿನ ಬಾಗಿಲ ಕಡೆ ಸಾಗಿತು. ಮೇಡಂ ಅದರ ನಡುವೆ ಪ್ಲಗ್ಗು ಹಿಡಿದು ನಿಂತಿದ್ದಳು. ಕಾಲು ಮೇಲೆತ್ತಿ ಕೂತಿದ್ದ ಕಂಟ್ರಾಕ್ಟರಮ್ಮನಿಗೆ ಕಾಲಿಡಲು ಜಾಗವಿರಲಿಲ್ಲ. ಗಾಜಿನಾಚೆ ಜನ ಹೆಚ್ಚಿದ್ದರು.

ಅವ್ವ ಬೆರಳುಗಳನ್ನು ತುಟಿಯ ಹತ್ತಿರ ತಂದು, ಒಣಗುವುದಿಲ್ಲವೆಂದು ಗೊತ್ತಿದ್ದೂ, ಒಂದೊಂದೇ ಉಗುರಿಗೆ, ಅವಸರವಿಲ್ಲದೆ, ಉಫ್ ಎಂದು ಊದತೊಡಗಿದಳು.